ಮನೆಯಲ್ಲಿ ಸೋಪು, ಕ್ರೀಮು, ಕೂದಲೆಣ್ಣೆ: ಮೊದಲು ನೀರಿನ ಲೆಕ್ಕ ನೋಡಿ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಸೋಪು, ಶಾಂಪೂ, ಕ್ರೀಮು ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳಬೇಕು ಅಂತ ಆಸೆ. ವಿಡಿಯೋ ನೋಡಿ ಲೋಳೆಸರ, ಕೊಬ್ಬರಿ ಎಣ್ಣೆ ಸೇರಿಸಿ ಕ್ರೀಮು ಮಾಡಿದೆ. ಕೆಡದೇ ಇರಲಿ ಅಂತ ವಿಟಮಿನ್ ಇ ಮಾತ್ರೆ ಒಡೆದು ಹಾಕಿದ್ದೆ. ಆದರೂ ಹತ್ತು ದಿನಕ್ಕೆ ಬೂಷ್ಟು ಬಂತು. ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸಬಹುದಾ? ಸೀಗೆಪುಡಿಯೂ ಮಳೆಗಾಲದಲ್ಲಿ ಗಂಟುಕಟ್ಟಿತು. ಮಗಳು ಮುಖಕ್ಕೆ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗಿದ್ದಳು. ಮಾರನೇ ದಿನ ಕೆನ್ನೆ ಉರಿ, ಈಗ ಅಲ್ಲಿ ಕಪ್ಪು ಕಲೆ. ಯಾವುದನ್ನು ಮಾಡಬಹುದು, ಯಾವುದನ್ನು ಬಿಡಬೇಕು? ಕಾಸ್ಟಿಕ್ ಸೋಡಾ ಇಲ್ಲದೆ ಸೋಪು ಮಾಡಲು ಆಗುತ್ತದಾ? ಸಂಘದ ಹೆಂಗಸರೆಲ್ಲ ಸೇರಿ ಮಾರುವ ಯೋಚನೆಯೂ ಇದೆ.

ಉತ್ತರ: ಮೊದಲು ಮಗಳ ಕೆನ್ನೆಯ ವಿಷಯ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ನಿಂಬೆರಸ ಬಹಳ ಹುಳಿ. ಅದರ ಪಿಎಚ್ (ಹುಳಿ, ಕ್ಷಾರದ ಅಳತೆ; ಏಳಕ್ಕಿಂತ ಕಮ್ಮಿಯಾದಷ್ಟೂ ಹುಳಿ, ಜಾಸ್ತಿಯಾದಷ್ಟೂ ಕ್ಷಾರ) ಎರಡರ ಆಸುಪಾಸು. ನಮ್ಮ ಚರ್ಮದ ಮೇಲ್ಮೈ ಐದರ ಆಸುಪಾಸಿನಲ್ಲಿ ಇರುತ್ತದೆ. ಅಷ್ಟು ಹುಳಿ ತಾಗಿದರೇ ಚುರುಗುಟ್ಟುವುದು ಸಹಜ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೋಕೂಮರಿನ್ ಎಂಬ ಅಂಶಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ಉರಿ ಆ ಕ್ಷಣಕ್ಕೆ ಬರುವುದಿಲ್ಲ, ಮಾರನೇ ದಿನವೋ ಅದರ ಮಾರನೇ ದಿನವೋ ಬರುತ್ತದೆ. ಹಾಗಾಗಿ ತುಂಬಾ ಜನಕ್ಕೆ ಇದು ನಿಂಬೆಯ ಕೆಲಸ ಅಂತ ಗೊತ್ತಾಗುವುದೇ ಇಲ್ಲ. ಕಲೆ ಹೋಗಲು ಕೆಲವು ವಾರ ಬೇಕು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಕಲೆ ತೆಗೆಯಲು ಮತ್ತೇನನ್ನೂ ಉಜ್ಜಬೇಡಿ. ಆ ಜಾಗಕ್ಕೆ ಬಿಸಿಲು ತಾಗದ ಹಾಗೆ ನೋಡಿಕೊಳ್ಳಿ. ಹೊರಗೆ ಹೋಗುವಾಗ ಕೊಡೆ ಇರಲಿ, ಅಂಗಡಿಯ ಒಳ್ಳೆ ಸನ್‌ಸ್ಕ್ರೀನ್ ಹಚ್ಚಲಿ. ಗುಳ್ಳೆ ಬಂದಿದ್ದರೆ, ನೀರು ಸೋರುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ನಿಂಬೆ, ಗಜನಿಂಬೆ, ಹೇರಳೆಕಾಯಿ ಯಾವುದನ್ನೂ ಮುಖಕ್ಕೆ ಹಚ್ಚುವುದು ಬೇಡ.

ಇನ್ನು ನಿಮ್ಮ ಕ್ರೀಮು. ಅದು ಕೆಟ್ಟಿದ್ದು ನಿಮ್ಮ ಕೈಗುಣದಿಂದಲ್ಲ. ಆ ವಿಧಾನದಲ್ಲಿ ಯಾರು ಮಾಡಿದ್ದರೂ ಕೆಡುತ್ತಿತ್ತು.

ಲೋಳೆಸರದ ತಿರುಳಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಪಾಲು ಬರೀ ನೀರು. ಜೊತೆಗೆ ಒಂದಿಷ್ಟು ಸಕ್ಕರೆ ಅಂಶ. ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಇದಕ್ಕಿಂತ ಒಳ್ಳೆ ಊಟ ಬೇಕಾ? ವಿಟಮಿನ್ ಇ ಅವುಗಳನ್ನು ತಡೆಯುವುದಿಲ್ಲ. ಅದರ ಕೆಲಸವೇ ಬೇರೆ. ಎಣ್ಣೆ ಗಾಳಿಗೆ ಕಮಟು ಹಿಡಿಯುವುದನ್ನು ಅದು ನಿಧಾನ ಮಾಡುತ್ತದೆ, ಅಷ್ಟೇ. ಬೇವಿನೆಣ್ಣೆ, ಅರಿಶಿನ, ಜೇನುತುಪ್ಪ ಚೂರು ಹಾಕಿದರೂ ಇದೇ ಕಥೆ. ಅವುಗಳಿಗೆ ಒಂದಿಷ್ಟು ಸೂಕ್ಷ್ಮಜೀವಿ ತಡೆಯುವ ಗುಣ ಇದೆ ನಿಜ, ಆದರೆ ಡಬ್ಬಿ ಪೂರ್ತಿ ಕಾಯುವಷ್ಟು ಇಲ್ಲ.

ಮೇಲಿನದನ್ನು ತೆಗೆದು ಬಳಸಬೇಡಿ. ಎಲ್ಲಾ ಚೆಲ್ಲಿಬಿಡಿ. ಬೂಷ್ಟು ಕಣ್ಣಿಗೆ ಕಾಣುವ ಹೊತ್ತಿಗೆ ಅದರ ಬೇರು ಒಳಗೆಲ್ಲ ಹರಡಿರುತ್ತದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಅದಕ್ಕೂ ಮೊದಲೇ ಬೆಳೆದಿರುತ್ತದೆ. ಅಂಥ ಕ್ರೀಮನ್ನು ಮೊಡವೆ ಒಡೆದ ಮುಖಕ್ಕೋ, ಬಿರಿದ ಹಿಮ್ಮಡಿಗೋ, ಕಣ್ಣಿನ ಹತ್ತಿರವೋ ಹಚ್ಚಿದರೆ ಸೋಂಕು ಆಗಬಹುದು.

ಮನೆಯಲ್ಲಿ ಏನೇ ಮಾಡಲು ಹೊರಟರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ನೀರಿದೆಯಾ? ಹಸಿ ಸೊಪ್ಪು, ಹಸಿ ಹೂವು, ಹಾಲು, ಮೊಸರು, ಹಣ್ಣಿನ ರಸ, ರೋಸ್ ವಾಟರ್, ಇವೆಲ್ಲ ನೀರಿನ ಲೆಕ್ಕಕ್ಕೇ ಸೇರುತ್ತವೆ. ನೀರಿದ್ದರೆ ಅಂದೇ ಮಾಡಿ, ಅಂದೇ ಬಳಸಿ. ಜಾಸ್ತಿ ಅಂದರೆ ಫ್ರಿಜ್ಜಿನಲ್ಲಿ ಎರಡು ಮೂರು ದಿನ. ನೀರಿಲ್ಲದ್ದು, ಅಂದರೆ ಚೆನ್ನಾಗಿ ಒಣಗಿದ ಪುಡಿ, ಕಾಯಿಸಿದ ಎಣ್ಣೆ, ಮೇಣ ಹಾಕಿದ ಮುಲಾಮು, ಇವು ತಿಂಗಳುಗಟ್ಟಲೆ ಇರುತ್ತವೆ. ನಮ್ಮ ಅಜ್ಜಿಯರ ಸಾಮಾನು ನೋಡಿ. ದಾಸವಾಳದ ಸೊಪ್ಪನ್ನು ಕಿವುಚಿ ಲೋಳೆ ತೆಗೆದು ತಲೆಗೆ ಹಾಕುತ್ತಿದ್ದರು, ಅದನ್ನು ಯಾರೂ ಡಬ್ಬಿಯಲ್ಲಿ ಇಡುತ್ತಿರಲಿಲ್ಲ. ಡಬ್ಬಿಯಲ್ಲಿ ಇಡುತ್ತಿದ್ದದ್ದು ಸೀಗೆಪುಡಿ, ಕಡಲೆಹಿಟ್ಟು, ಹರಳೆಣ್ಣೆ. ಇವತ್ತಿಗೂ ಮನೆಯಲ್ಲಿ ಮಾಡುವವರಿಗೆ ಆ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ.

ಲೋಳೆಸರ ಬೇಕೇ ಬೇಕು ಅಂದರೆ ಹಿತ್ತಲಿನಿಂದ ಒಂದು ಎಲೆ ಕೊಯ್ದು ತನ್ನಿ. ಕೊಯ್ದ ತುದಿ ಕೆಳಗೆ ಮಾಡಿ ಕಾಲು ಗಂಟೆ ನಿಲ್ಲಿಸಿ. ಹಳದಿ ಬಣ್ಣದ ಕಹಿ ರಸ ಇಳಿದು ಹೋಗಲಿ. ಕೆಲವರಿಗೆ ತುರಿಕೆ ತರುವುದು ಅದೇ. ಆಮೇಲೆ ಸಿಪ್ಪೆ ಹೆರೆದು, ತಿರುಳನ್ನು ಒಮ್ಮೆ ತೊಳೆದು ಹಚ್ಚಿಕೊಳ್ಳಿ. ಉಳಿದದ್ದನ್ನು ಗಿಡದ ಬುಡಕ್ಕೆ ಹಾಕಿ. ಗಿಡ ಮನೆಯಲ್ಲೇ ಇರುವಾಗ ಅದನ್ನು ಕ್ರೀಮು ಮಾಡಿ ಇಡುವ ಅಗತ್ಯವಾದರೂ ಏನು?

ತಿಂಗಳುಗಟ್ಟಲೆ ಇಡುವ ಕ್ರೀಮೇ ಬೇಕು ಅನ್ನುವವರು ಪ್ರಿಸರ್ವೇಟಿವ್, ಅಂದರೆ ಕೆಡದಂತೆ ಕಾಯುವ ವಸ್ತು, ಹಾಕಲೇಬೇಕು. ಇದಕ್ಕೆ ಹೆದರಬೇಕಾಗಿಲ್ಲ. ಸ್ಕ್ವಾಷ್‌ಗೆ ಹಾಕುವ ಸೋಡಿಯಂ ಬೆಂಜೋಯೇಟ್ ಕೂಡ ಪ್ರಿಸರ್ವೇಟಿವ್ವೇ, ಆದರೆ ಅದು ಹುಳಿ ಇರುವ ಕಡೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ರೀಮಿಗೆ ಫಿನಾಕ್ಸಿಎಥನಾಲ್ ಹಾಕುತ್ತಾರೆ. ಅದು ಒಟ್ಟು ತೂಕದ ನೂರಕ್ಕೆ ಒಂದು ಪಾಲು ಮೀರಬಾರದು. ನೂರು ಗ್ರಾಮಿಗೆ ಒಂದು ಗ್ರಾಂ ಅಂದರೆ ಚಮಚದಲ್ಲಿ ಅಳೆಯುವ ಮಾತಲ್ಲ. ಅಡುಗೆಮನೆಯ ಕಾಲು ಕೆಜಿ, ಅರ್ಧ ಕೆಜಿ ತಕ್ಕಡಿಯೂ ಸಾಲದು. ಹೊಸದಾಗಿ ಕಲಿಯುವವರು ಕ್ರೀಮಿನಿಂದ ಶುರು ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಈಗ ನಿಮ್ಮ ಸೀಗೆಪುಡಿ. ಇಲ್ಲೂ ತಪ್ಪಿದ್ದು ನೀರಿನ ಲೆಕ್ಕವೇ. ಹಾಸನ ಪೇಟೆಯಲ್ಲಿ ಮಾಡಿದ ಪುಡಿ ವರ್ಷ ಬಾಳುತ್ತದೆ. ಅದೇ ಪುಡಿ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಆಷಾಢದಲ್ಲಿ ಗಂಟುಕಟ್ಟುತ್ತದೆ. ಗಾಳಿಯಲ್ಲೇ ಅಷ್ಟು ತೇವ ಇರುತ್ತದೆ. ಪುಡಿಯ ಕೆಲಸ ಎಲ್ಲವನ್ನೂ ಮೃಗಶಿರಾ ಮಳೆಗೆ ಮುಂಚೆ ಮುಗಿಸಿಕೊಳ್ಳಬೇಕು. ನಿಮ್ಮ ಕಡೆ ಕಾಫಿ ಕೆಲಸ ಮುಗಿದು ಕಣ ಖಾಲಿಯಾಗುವ ಮಾರ್ಚ್, ಏಪ್ರಿಲ್ ಇದಕ್ಕೆ ಹೇಳಿ ಮಾಡಿಸಿದ ಕಾಲ. ಕಾಯಿಯನ್ನು ಅದೇ ಕಣದಲ್ಲಿ ಹರವಿ. ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು, ಮುರಿದರೆ ಲಟಕ್ಕನೆ ಮುರಿಯಬೇಕು. ಬಗ್ಗಿದರೆ ಇನ್ನೂ ತೇವ ಇದೆ ಅಂತಲೇ ಅರ್ಥ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ.

ನಾನು ಹೇಳಿಕೊಡುವ ಅಳತೆ ಹೀಗಿದೆ. ಸೀಗೆಕಾಯಿ ಅರ್ಧ ಕೆಜಿ. ಅಂಟುವಾಳದ ಸಿಪ್ಪೆ, ಮೆಂತ್ಯ, ಹೆಸರುಕಾಳು ತಲಾ ನೂರು ಗ್ರಾಂ. ಒಣಗಿಸಿದ ದಾಸವಾಳದ ಸೊಪ್ಪು, ಒಣ ನೆಲ್ಲಿಚೆಟ್ಟು ಒಂದೊಂದು ಹಿಡಿ. ನೊರೆ ಬರುವುದು ಸೀಗೆ ಮತ್ತು ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ಅಂಶದಿಂದ. ಅಂಟುವಾಳ ಸ್ವಲ್ಪ ಖಡಕ್. ಅದನ್ನು ಜಾಸ್ತಿ ಮಾಡಿದರೆ ಕೂದಲು ಒರಟಾಗುತ್ತದೆ, ಕಣ್ಣಿಗೆ ಹೋದರೆ ವಿಪರೀತ ಉರಿಯುತ್ತದೆ. ಸೀಗೆ ನೀರು ಸ್ವಲ್ಪ ಹುಳಿ ಕಡೆಗೇ ಇರುವುದರಿಂದ ಕೂದಲಿಗೆ ಹಿತ. ಮೆಂತ್ಯದ ಲೋಳೆ ಸಿಕ್ಕು ಬಿಡಿಸುತ್ತದೆ.

ಮಿಲ್ಲಿಗೆ ಹಾಕಿಸುವಾಗ ಒಂದು ಮಾತು ಕೇಳಿ ನೋಡಿ: ಇದೇ ಮಿಷನ್ನಿನಲ್ಲಿ ಈಗ ಖಾರದಪುಡಿ ಮಾಡಿದ್ದೀರಾ? ಮಾಡಿದ್ದರೆ ಬೇರೆ ದಿನ ಹೋಗಿ. ತಲೆಗೆ ಹಾಕಿಕೊಂಡಾಗ ಗೊತ್ತಾಗುತ್ತದೆ ಆ ಉರಿ. ಮಿಲ್ಲಿನಿಂದ ಬಂದ ಪುಡಿ ಬೆಚ್ಚಗಿರುತ್ತದೆ. ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರುತ್ತದೆ. ಪೇಪರಿನ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಜರಡಿ ಹಿಡಿದು ತುಂಬಿ. ದೊಡ್ಡ ಡಬ್ಬಿಯನ್ನು ಬಚ್ಚಲಿಗೆ ಒಯ್ಯಬೇಡಿ. ಹದಿನೈದು ದಿನಕ್ಕೆ ಸಾಕಾಗುವಷ್ಟು ಸಣ್ಣ ಡಬ್ಬಿಗೆ ಹಾಕಿಕೊಳ್ಳಿ, ದೊಡ್ಡದು ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿ ಇರಲಿ. ಈಗ ಗಂಟುಕಟ್ಟಿರುವ ಪುಡಿಯಲ್ಲಿ ಮುಗ್ಗಲು ವಾಸನೆ ಬರುತ್ತಿದ್ದರೆ ಅದನ್ನೂ ಗೊಬ್ಬರದ ಗುಂಡಿಗೆ ಹಾಕಿ. ಬಿಸಿಲಿಗಿಟ್ಟು ಮತ್ತೆ ಬಳಸಲು ಹೋಗಬೇಡಿ.

ಸ್ನಾನದ ಪುಡಿಗೂ ಇದೇ ನಿಯಮ. ಕಡಲೆಹಿಟ್ಟು, ಹೆಸರುಹಿಟ್ಟು ಸಮಸಮ, ಸ್ವಲ್ಪ ಕಸ್ತೂರಿ ಅರಿಶಿನ, ಅಷ್ಟು ಸಾಕು. ಮುಖ ಒಣಗುವ ಸ್ವಭಾವದವರು ಹಾಲಿನಲ್ಲಿ, ಜಿಡ್ಡಿನ ಮುಖದವರು ನೀರಿನಲ್ಲಿ ಆಗಿಂದಾಗ್ಗೆ ಕಲಸಿಕೊಳ್ಳಲಿ. ಮುಖದ ಮೇಲೆ ಒಣಗಿ ಬಿಗಿಯುವ ತನಕ ಬಿಡಬಾರದು, ಹಸಿ ಇರುವಾಗಲೇ ತೊಳೆಯಬೇಕು.

ಕೂದಲೆಣ್ಣೆ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಮಾಡುವ ಸಾಮಾನಿನಲ್ಲಿ ಅತ್ಯಂತ ಒಳ್ಳೆಯ ಫಲ ಕೊಡುವುದು ಇದು. ಅರಸೀಕೆರೆ ಕಡೆಯ ಕೊಬ್ಬರಿ ನಿಮಗೆ ಸುಲಭವಾಗಿ ಸಿಗುತ್ತದೆ. ಗಾಣದಲ್ಲಿ ಆಡಿಸಿದ ಎಣ್ಣೆ ತನ್ನಿ. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲ ಜಾಸ್ತಿ. ಅದು ಕೂದಲಿನ ಒಳಕ್ಕೆ ಇಳಿಯುತ್ತದೆ. ತೊಳೆಯುವಾಗ, ಬಾಚುವಾಗ ಕೂದಲಿನ ಪ್ರೋಟೀನ್ ಕಳೆದುಹೋಗುವುದು ಇದರಿಂದ ಕಮ್ಮಿಯಾಗುತ್ತದೆ. ಮೇಲ್ಮೈಯಲ್ಲೇ ಉಳಿಯುವ ಎಣ್ಣೆಗಳಿಗೆ ಈ ಗುಣ ಇಲ್ಲ.

ಅದಕ್ಕೆ ಸೊಪ್ಪು ಹಾಕಿ ಕಾಯಿಸುವಾಗ ಹೆಚ್ಚಿನವರು ಅವಸರ ಮಾಡುತ್ತಾರೆ. ಆಯುರ್ವೇದದಲ್ಲಿ ತೈಲಕ್ಕೆ ಒಂದು ಲೆಕ್ಕ ಇದೆ. ಅರೆದ ಸೊಪ್ಪು ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸವೋ ಕಷಾಯವೋ ಹದಿನಾರು ಪಾಲು. ಮನೆಯ ಒಲೆಯಲ್ಲಿ ಅಷ್ಟು ಕಷಾಯ ಇಂಗಿಸಲು ಹೊತ್ತು ಸಾಲದು. ನಾವು ಮೊದಲ ಎರಡನ್ನು ಇಟ್ಟುಕೊಳ್ಳೋಣ. ಒಂದು ಕೆಜಿ ಎಣ್ಣೆಗೆ ಕಾಲು ಕೆಜಿ ಅರೆದ ಸೊಪ್ಪು. ಗರಗದ ಸೊಪ್ಪು, ಒಂದೆಲಗ, ಕರಿಬೇವು, ದಾಸವಾಳದ ಹೂವು ಯಾವುದಾದರೂ ಸರಿ. ಗದ್ದೆಬದುವಿನಲ್ಲಿ ಸಿಗುವ ಸೊಪ್ಪಾದರೆ ಅಲ್ಲಿ ಔಷಧಿ ಹೊಡೆದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ದಪ್ಪ ತಳದ ಪಾತ್ರೆ, ಸಣ್ಣ ಉರಿ. ಮೊದಮೊದಲು ನೊರೆ, ಗುಳ್ಳೆ, ಚಟಪಟ ಸದ್ದು ಇರುತ್ತದೆ. ಅದು ಸೊಪ್ಪಿನಲ್ಲಿರುವ ನೀರು ಆವಿಯಾಗುವ ಸದ್ದು. ನೀರು ಇರುವ ತನಕ ಎಣ್ಣೆ ವಿಪರೀತ ಬಿಸಿ ಏರುವುದಿಲ್ಲ. ನೀರು ಮುಗಿದ ಕೂಡಲೇ ಬಿಸಿ ಸರ್ರನೆ ಏರಿ ಸೊಪ್ಪು ಸೀಯುತ್ತದೆ. ಆ ಹದ ಹಿಡಿಯುವುದೇ ಇದರ ಕಲೆ. ಹಳಬರ ಪರೀಕ್ಷೆಯೊಂದಿದೆ. ತಳದ ಸೊಪ್ಪಿನ ಚರಟವನ್ನು ಚಮಚದಲ್ಲಿ ಚೂರು ತೆಗೆದು, ಆರಿಸಿ, ಬೆರಳಿನಲ್ಲಿ ಹೊಸೆಯಿರಿ. ಅದು ಬತ್ತಿಯ ಆಕಾರಕ್ಕೆ ಬರಬೇಕು. ಆ ಬತ್ತಿಯನ್ನು ಇಕ್ಕಳದಲ್ಲಿ ಹಿಡಿದು, ಎಣ್ಣೆಯ ಪಾತ್ರೆಯಿಂದ ದೂರ ಹೋಗಿ, ದೀಪಕ್ಕೆ ಒಡ್ಡಿ. ಚಟಚಟ ಅಂದರೆ ಇನ್ನೂ ನೀರಿದೆ. ಸದ್ದಿಲ್ಲದೆ ಉರಿದರೆ ಇಳಿಸಿ. ತಳ ಕಪ್ಪಗಾಗುವ ತನಕ ಕಾಯಬೇಡಿ.

ಇಳಿಸಿದ ಮೇಲೆ ತಟ್ಟೆ ಮುಚ್ಚಬೇಡಿ. ಆವಿ ತಟ್ಟೆಗೆ ಹತ್ತಿ ಹನಿಯಾಗಿ ಮತ್ತೆ ಎಣ್ಣೆಗೇ ಬೀಳುತ್ತದೆ, ಪಟ್ಟ ಕಷ್ಟ ಎಲ್ಲ ವ್ಯರ್ಥ. ತೆಳು ಬಟ್ಟೆ ಕಟ್ಟಿ. ಸೋಸುವಾಗ ಕೊನೆಯಲ್ಲಿ ಬಟ್ಟೆ ಹಿಂಡಿದ ಎಣ್ಣೆ ಬೇರೆ ಇರಲಿ, ಅದನ್ನು ಮೊದಲು ಬಳಸಿ ಮುಗಿಸಿ. ಬಾಟಲಿಯನ್ನು ತೊಳೆದು ಎರಡು ದಿನ ಬಿಸಿಲಿನಲ್ಲಿ ಒಣಗಿಸಿರಬೇಕು. ಚಿಕ್ಕಮಗಳೂರಿನ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಗಾಬರಿ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದೇ ಸರಿ.

ಈ ಎಣ್ಣೆ ಬೋಳುತಲೆಯಲ್ಲಿ ಕೂದಲು ಬೆಳೆಸುತ್ತದೆ ಅಂತ ಮಾತ್ರ ಯಾರಿಗೂ ಹೇಳಬೇಡಿ, ಬೆಳೆಸುವುದಿಲ್ಲ. ತಲೆಹೊಟ್ಟು ಇರುವವರು ಎಣ್ಣೆ ಹಚ್ಚಿ ರಾತ್ರಿಯೆಲ್ಲ ಬಿಡುವುದೂ ತಪ್ಪು. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಫಂಗಸ್ ಎಣ್ಣೆಯ ಕೊಬ್ಬನ್ನೇ ತಿಂದು ಬದುಕುತ್ತದೆ. ಅವರು ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಕೂದಲ ತುದಿಗಷ್ಟೇ ಹಚ್ಚಿಕೊಂಡರೆ ಸಾಕು.

ಮುಲಾಮಿನ ವಿಷಯದಲ್ಲಿ ಮಲೆನಾಡಿನವರು ಭಾಗ್ಯವಂತರು. ಕೊಪ್ಪ, ಶೃಂಗೇರಿ ಕಡೆ ಮುರುಗಲ ಹಣ್ಣು ಬೆಳೆಯುತ್ತದೆ. ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋಗುತ್ತದೆ. ಬೀಜವನ್ನು ಎಸೆಯಬೇಡಿ. ಅದನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿ ಹಲ್ಲೆಯಾಗುತ್ತದೆ. ಇದೇ ಮುರುಗಲ ತುಪ್ಪ. ಬಿರಿದ ಹಿಮ್ಮಡಿಗೆ ಹಿಂದಿನಿಂದಲೂ ಹಚ್ಚುತ್ತಾ ಬಂದಿದ್ದಾರೆ. 40 ಡಿಗ್ರಿ ಹತ್ತಿರ ಕರಗುವುದರಿಂದ ಡಬ್ಬಿಯಲ್ಲಿ ಗಟ್ಟಿಯಾಗಿರುತ್ತದೆ, ಕೈಯಲ್ಲಿ ಉಜ್ಜಿದರೆ ಕರಗುತ್ತದೆ. ನೀರಿನಲ್ಲಿ ಕುದಿಸಿ ತೆಗೆದದ್ದಲ್ಲವೇ? ತಳಕ್ಕೆ ಅಂಟಿದ ನೀರು ಒರೆಸಿ, ಮತ್ತೊಮ್ಮೆ ಸಣ್ಣ ಉರಿಯಲ್ಲಿ ಕರಗಿಸಿ, ಸದ್ದು ನಿಲ್ಲುವ ತನಕ ಇಟ್ಟು ಸೋಸಿಕೊಳ್ಳಿ.

ಜೇನುಮೇಣ ಒಂದು ಪಾಲು, ಮುರುಗಲ ತುಪ್ಪ ಒಂದು ಪಾಲು, ಕೊಬ್ಬರಿ ಎಣ್ಣೆ ಮೂರು ಪಾಲು. ಮೇಣ ಕರಗಲು 62ರಿಂದ 64 ಡಿಗ್ರಿ ಬೇಕು. ನೇರ ಉರಿಯ ಮೇಲೆ ಇಡಬೇಡಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಒಂದು ಹನಿ ತಟ್ಟೆಗೆ ಬಿಟ್ಟು ನೋಡಿ. ತುಂಬಾ ಗಟ್ಟಿ ಅನ್ನಿಸಿದರೆ ಎಣ್ಣೆ, ಮೆತ್ತಗೆ ಅನ್ನಿಸಿದರೆ ಮೇಣ ಸೇರಿಸಿ. ತುಟಿಗೂ, ಹಿಮ್ಮಡಿಗೂ, ಚಳಿಗೆ ಒಡೆದ ಕೈಗೂ ಇದೊಂದೇ ಸಾಕು. ನೀವು ಮಾಡಲು ಹೊರಟ ಕ್ರೀಮಿನ ಕೆಲಸ ಮುಕ್ಕಾಲು ಪಾಲು ಇದೇ ಮಾಡುತ್ತದೆ, ಪ್ರಿಸರ್ವೇಟಿವ್ ಬೇಡ. ಒದ್ದೆ ಬೆರಳು ಮಾತ್ರ ಡಬ್ಬಿಗೆ ಹಾಕಬಾರದು.

ನಿಮ್ಮೂರಿನ ಕಾಫಿಪುಡಿಯನ್ನು ಉಜ್ಜಲು ಬಳಸಬಹುದು. ಫಿಲ್ಟರಿನಲ್ಲಿ ಉಳಿದ ಪುಡಿ ಹಸಿ ಇರುವುದರಿಂದ ಅಂದೇ ಬಳಸಬೇಕು. ಮೊಣಕೈ, ಹಿಮ್ಮಡಿಗೆ ಚೆನ್ನ. ಮುಖಕ್ಕೆ ಬೇಡ, ಅದು ತರಿ.

ಈಗ ಸೋಪು. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಆಗುವುದಿಲ್ಲ. "ಕೆಮಿಕಲ್ ಇಲ್ಲದ ಸೋಪು" ಅಂತ ಮಾರುವವರ ಸೋಪಿಗೂ ಅದೇ ಹೋಗಿದೆ. ಎಣ್ಣೆ ಮತ್ತು ಕಾಸ್ಟಿಕ್ ಸೇರಿ ಸೋಪು ಮತ್ತು ಗ್ಲಿಸರಿನ್ ಆಗಿ ಬದಲಾಗುತ್ತವೆ. ಲೆಕ್ಕ ಸರಿಯಿದ್ದರೆ ಮಾಗಿದ ಸೋಪಿನಲ್ಲಿ ಕಾಸ್ಟಿಕ್ ಉಳಿದಿರುವುದಿಲ್ಲ. ಹಿಂದೆ ಬೂದಿಯ ತಿಳಿನೀರಿನಲ್ಲಿ ಮಾಡುತ್ತಿದ್ದರು. ಅದೂ ಕ್ಷಾರವೇ, ಆದರೆ ಎಷ್ಟು ಖಾರ ಅಂತ ಅಳೆಯಲಾಗದು, ಸೋಪು ಮೆತ್ತಗೆ ಬರುತ್ತದೆ. ಕಾಸ್ಟಿಕ್ ಮುಟ್ಟಲು ಧೈರ್ಯ ಇಲ್ಲದವರಿಗೆ ಕರಗಿಸಿ ಅಚ್ಚಿಗೆ ಹಾಕುವ ಸೋಪ್ ಬೇಸ್ ಸಿಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದೇ ಒಳ್ಳೆಯದು.

ಮಾಡುವುದೇ ಆದರೆ ತೂಕದ ತಕ್ಕಡಿ ಇಲ್ಲದೆ ಕೈ ಹಾಕಬೇಡಿ. ಒಂದೊಂದು ಎಣ್ಣೆಗೂ ಬೇಕಾಗುವ ಕಾಸ್ಟಿಕ್ ಬೇರೆ. ನೂರು ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 18.3 ಗ್ರಾಂ ಬೇಕು. ಕಡಲೆಕಾಯಿ ಎಣ್ಣೆಗೆ 13.6, ಹರಳೆಣ್ಣೆಗೆ 12.8. ಕೊಬ್ಬರಿ ಎಣ್ಣೆಯ ಲೆಕ್ಕ ಹಿಡಿದು ಕಡಲೆಕಾಯಿ ಎಣ್ಣೆ ಸುರಿದರೆ ಕಾಸ್ಟಿಕ್ ಉಳಿದುಹೋಗಿ ಮೈ ಸುಡುವ ಸೋಪಾಗುತ್ತದೆ. "ಸ್ವಲ್ಪ ಆ ಎಣ್ಣೆ, ಸ್ವಲ್ಪ ಈ ಎಣ್ಣೆ" ಅನ್ನುವ ಅಡುಗೆಯ ಅಂದಾಜು ಇಲ್ಲಿ ನಡೆಯದು.

ಮೊದಲ ಸಲಕ್ಕೆ ಈ ಅಳತೆ ತೆಗೆದುಕೊಳ್ಳಿ. ಕೊಬ್ಬರಿ ಎಣ್ಣೆ 350 ಗ್ರಾಂ, ಕಡಲೆಕಾಯಿ ಎಣ್ಣೆ 100 ಗ್ರಾಂ, ಹರಳೆಣ್ಣೆ 50 ಗ್ರಾಂ. ಕಾಸ್ಟಿಕ್ ಸೋಡಾ 75 ಗ್ರಾಂ, ನೀರು 160 ಗ್ರಾಂ. ಮೇಲಿನ ಲೆಕ್ಕದಲ್ಲಿ ನೋಡಿದರೆ 84 ಗ್ರಾಂ ಕಾಸ್ಟಿಕ್ ಬೇಕು. ಬೇಕಂತಲೇ ಕಮ್ಮಿ ಹಾಕುತ್ತಿದ್ದೇವೆ. ನೂರಕ್ಕೆ ಹತ್ತು ಪಾಲಿನಷ್ಟು ಎಣ್ಣೆ ಸೋಪಾಗದೆ ಉಳಿದರೆ ಚರ್ಮಕ್ಕೆ ಮೃದು. ಕೊಬ್ಬರಿ ಎಣ್ಣೆಯ ಸೋಪು ನೊರೆ ಚೆನ್ನಾಗಿ ಕೊಡುತ್ತದೆ, ಆದರೆ ಚರ್ಮದ ಜಿಡ್ಡನ್ನೂ ಪೂರ್ತಿ ತೆಗೆದುಬಿಡುತ್ತದೆ. ಅದಕ್ಕೇ ಇಷ್ಟು ಬಿಡುವುದು. ಕಾಸ್ಟಿಕ್ ಕೊಳ್ಳುವಾಗ ಶುದ್ಧ ಸೋಡಿಯಂ ಹೈಡ್ರಾಕ್ಸೈಡ್ ಅಂತ ನೋಡಿ ತನ್ನಿ. ಚರಂಡಿ ಕ್ಲೀನ್ ಮಾಡುವ ಪುಡಿ ಬೇಡ, ಅದರಲ್ಲಿ ಬೇರೆ ಸಾಮಾನು ಬೆರೆತಿರುತ್ತದೆ. ಬಟ್ಟೆ ಸೋಡಾ, ಅಡುಗೆ ಸೋಡಾ ಎರಡೂ ಇದಕ್ಕೆ ಆಗುವುದಿಲ್ಲ.

ಜಾಗ್ರತೆಯ ಮಾತು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಉದ್ದ ತೋಳಿನ ಬಟ್ಟೆ. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಬರಬಾರದು. ಅಲ್ಯೂಮಿನಿಯಂ, ಇಂಡಾಲಿಯಂ ಪಾತ್ರೆ ಬೇಡವೇ ಬೇಡ. ಕಾಸ್ಟಿಕ್ ಅದನ್ನು ತಿಂದು, ಹೊತ್ತಿಕೊಳ್ಳುವ ಹೈಡ್ರೋಜನ್ ಗ್ಯಾಸ್ ಬಿಡುತ್ತದೆ. ಸ್ಟೀಲ್ ಅಥವಾ ದಪ್ಪ ಪ್ಲಾಸ್ಟಿಕ್ ಬಳಸಿ. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಉಕ್ಕಿ ಮುಖಕ್ಕೆ ಸಿಡಿಯುತ್ತದೆ. ಜಗಲಿಯಲ್ಲಿ, ಗಾಳಿ ಆಡುವ ಕಡೆ ಮಾಡಿ. ಕಲಸಿದ ನೀರು 80 ಡಿಗ್ರಿ ಮೀರಿ ಬಿಸಿಯಾಗುತ್ತದೆ, ಹಬೆ ಕುಡಿಯಬೇಡಿ. ಮೈಗೆ ತಾಗಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಗೂ ಜಾಸ್ತಿ ತೊಳೆಯಿರಿ. ವಿನೆಗರ್, ನಿಂಬೆ ಹಚ್ಚಬಾರದು. ಕಣ್ಣಿಗೆ ಹೋದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಎಣ್ಣೆ, ಕಾಸ್ಟಿಕ್ ನೀರು ಎರಡೂ 40 ಡಿಗ್ರಿ ಹತ್ತಿರ ಬಂದ ಮೇಲೆ ನೀರನ್ನು ಎಣ್ಣೆಗೆ ನಿಧಾನವಾಗಿ ಹಾಕಿ ತಿರುಗಿಸಿ. ಹ್ಯಾಂಡ್ ಬ್ಲೆಂಡರ್ ಇದ್ದರೆ ಕೆಲವೇ ನಿಮಿಷ, ಅದನ್ನು ಮತ್ತೆ ಅಡುಗೆಗೆ ಬಳಸಬೇಡಿ. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಅಚ್ಚಿಗೆ ಸುರಿಯಿರಿ. ಮಜ್ಜಿಗೆಹುಲ್ಲಿನ ಎಣ್ಣೆಯಂಥ ಸುಗಂಧ ಬೇಕಿದ್ದರೆ ಸುರಿಯುವ ಮುಂಚೆ ಸ್ವಲ್ಪ ಸೇರಿಸಿ. ಕೊಬ್ಬರಿ ಎಣ್ಣೆ ಜಾಸ್ತಿ ಇರುವ ಸೋಪು ಬೇಗ ಗಟ್ಟಿಯಾಗುತ್ತದೆ. ತಡ ಮಾಡಿದರೆ ಕೊಯ್ಯುವಾಗ ಪುಡಿಪುಡಿ ಆಗುತ್ತದೆ. ಬೆಳಗ್ಗೆ ಮಾಡಿದರೆ ಸಂಜೆಯಿಂದಲೇ ನೋಡುತ್ತಿರಿ. ಗ್ಲೌಸ್ ಹಾಕಿಯೇ ಕೊಯ್ಯಿರಿ.

ಆಮೇಲೆ ಗಾಳಿಯಾಡುವ ಕಡೆ ಬಿದಿರಿನ ತಟ್ಟೆಯ ಮೇಲೆ ನಾಲ್ಕರಿಂದ ಆರು ವಾರ ಮಾಗಲು ಬಿಡಿ. ಮೂಡಿಗೆರೆಯ ಮಳೆಗಾಲದಲ್ಲಿ ಇದಕ್ಕೂ ಜಾಸ್ತಿ ಹಿಡಿಯುತ್ತದೆ. ಸೋಪಿನ ಮೇಲೆ ನೀರಿನ ಹನಿ ಕೂತಿದ್ದರೆ ಅದು ಕೆಟ್ಟಿಲ್ಲ. ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡಿದೆ. ಪಿಎಚ್ ಕಾಗದ ಒದ್ದೆ ಸೋಪಿಗೆ ತಾಗಿಸಿದರೆ 9ರಿಂದ 10 ತೋರಿಸಬೇಕು. ಹನ್ನೊಂದು ದಾಟಿದರೆ ಮೈಗೆ ಹಚ್ಚಬೇಡಿ. ಸೋಪಿನ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ ಅಂತ ನಿಮ್ಮ ಕಡೆಯವರಿಗೆ ಹೇಳುತ್ತೇನೆ. ಗಾಳಿ ಒಣಗಿರುತ್ತದೆ, ಕೆಲಸ ಹಗುರ.

ಮಾಡಲೇಬಾರದ್ದು ಕೆಲವು ಇವೆ. ಸನ್‌ಸ್ಕ್ರೀನ್ ಮನೆಯಲ್ಲಿ ಬೇಡ. ಜಿಂಕ್ ಪುಡಿ ಎಣ್ಣೆಯಲ್ಲಿ ಸಮನಾಗಿ ಬೆರೆತಿದೆಯೋ ಇಲ್ಲವೋ ಕಣ್ಣಿಗೆ ತಿಳಿಯದು. ಹಚ್ಚಿದ್ದೇವೆ ಅನ್ನುವ ಧೈರ್ಯದಲ್ಲಿ ಬಿಸಿಲಿಗೆ ಹೋಗಿ ಸುಟ್ಟುಕೊಳ್ಳುತ್ತೀರಿ. ಕೂಸಿನ ಕಣ್ಣಿಗೆ ಮನೆಯ ಕಾಡಿಗೆ ಬೇಡ. ಹಣೆಗೋ ಕೆನ್ನೆಗೋ ದೃಷ್ಟಿಬೊಟ್ಟು ಇಟ್ಟು ಸಮಾಧಾನ ಪಡಿ. ಇದ್ದಿಲಿನ ಹಲ್ಲುಪುಡಿ ಹಲ್ಲಿನ ಮೇಲ್ಪದರ ಸವೆಸುತ್ತದೆ. ಕಂಕುಳಿಗೆ ಅಡುಗೆ ಸೋಡಾ ಕೆಲವರಿಗೆ ಹುಣ್ಣು ಮಾಡುತ್ತದೆ. ಅದರ ಬದಲು ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುತ್ತಾರಲ್ಲ, ಆ ಸ್ಫಟಿಕದ ಕಲ್ಲನ್ನು ಒದ್ದೆ ಮಾಡಿ ಸವರಿಕೊಳ್ಳಿ. ನೀಲಗಿರಿ ಎಣ್ಣೆ, ಕರ್ಪೂರ ಎಳೆ ಮಕ್ಕಳ ಕೈಗೆ ಸಿಗಬಾರದು, ಚೂರು ನುಂಗಿದರೂ ಅಪಾಯ. ಲವಂಗ, ದಾಲ್ಚಿನ್ನಿಯ ಎಣ್ಣೆ ನೇರ ಚರ್ಮಕ್ಕೆ ತಾಗಿದರೆ ಸುಡುತ್ತದೆ.

ಹೊಸದು ಏನೇ ಮಾಡಿದರೂ ಮೊದಲು ಮೊಣಕೈಯ ಒಳಬದಿಗೆ ಚೂರು ಹಚ್ಚಿ ಎರಡು ದಿನ ನೋಡಿ. ತೊಳೆಯುವ ಸಾಮಾನಾದರೆ ಹತ್ತು ನಿಮಿಷ ಇಟ್ಟು ತೊಳೆಯಿರಿ. ಕೆಂಪಾದರೆ, ತುರಿಸಿದರೆ ಅದು ನಿಮಗೆ ಆಗಿಬರುವುದಿಲ್ಲ. ಗಿಡದಿಂದ ಬಂದದ್ದು ಅನ್ನುವ ಕಾರಣಕ್ಕೆ ಅಲರ್ಜಿ ಆಗದೇ ಇರುವುದಿಲ್ಲ.

ಮಾರುವ ವಿಷಯ. ಮನೆಗೆ ಮಾಡಿಕೊಳ್ಳಲು, ನೆಂಟರಿಗೆ ಕೊಡಲು ಯಾವ ಅಡ್ಡಿಯೂ ಇಲ್ಲ. ದುಡ್ಡಿಗೆ ಮಾರುವುದಾದರೆ ಸೋಪು, ಕೂದಲೆಣ್ಣೆ, ಮುಲಾಮು ಎಲ್ಲ ಕಾಸ್ಮೆಟಿಕ್ಸ್ ಲೆಕ್ಕಕ್ಕೆ ಬರುತ್ತವೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಕೆಳಗೆ 2020ರಲ್ಲಿ ಕಾಸ್ಮೆಟಿಕ್ಸ್ ನಿಯಮಗಳು ಬಂದಿವೆ. ಅದರ ಪ್ರಕಾರ ತಯಾರಿಸಿ ಮಾರಲು ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಲೈಸೆನ್ಸ್ ಬೇಕು. ತಯಾರಿಸುವ ಜಾಗ, ಸಲಕರಣೆ, ತಿಳಿದ ಜನ, ಪರೀಕ್ಷೆಯ ವ್ಯವಸ್ಥೆ ಎಲ್ಲ ನೋಡುತ್ತಾರೆ. ಸಂಘಕ್ಕೆ ಇದು ಭಾರ ಅನ್ನಿಸಿದರೆ ಇನ್ನೊಂದು ದಾರಿಯಿದೆ. ಈಗಾಗಲೇ ಲೈಸೆನ್ಸ್ ಇರುವ ಘಟಕದಲ್ಲಿ ನಿಮ್ಮ ಸಾಮಾನು ತಯಾರಿಸಲು ಲೋನ್ ಲೈಸೆನ್ಸ್ ಪಡೆಯಬಹುದು. ಚೀಟಿಯಲ್ಲಿ ತಯಾರಕರ ವಿಳಾಸ, ಏನೇನು ಹಾಕಿದ್ದೀರಿ, ತೂಕ, ಬ್ಯಾಚ್ ನಂಬರ್, ಯಾವಾಗಿನ ತನಕ ಬಳಸಬಹುದು, ಲೈಸೆನ್ಸ್ ನಂಬರ್ ಇರಬೇಕು. ಸೋರಿಯಾಸಿಸ್ ವಾಸಿ, ಕೂದಲು ಉದುರುವುದು ನಿಲ್ಲುತ್ತದೆ ಅಂತೆಲ್ಲ ಬರೆದರೆ ಅದು ಔಷಧಿಯ ಲೆಕ್ಕಕ್ಕೆ ಹೋಗುತ್ತದೆ.

ಸಂಘದಲ್ಲಿ ಹತ್ತು ಬಗೆ ಮಾಡಲು ಹೋಗಬೇಡಿ. ಸೋಪೋ, ಹಿಮ್ಮಡಿ ಮುಲಾಮೋ, ಒಂದನ್ನು ಹಿಡಿಯಿರಿ. ಈಗಿನಿಂದಲೇ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾವ ಎಣ್ಣೆ ಎಷ್ಟು, ಕಾಸ್ಟಿಕ್ ಎಷ್ಟು, ಯಾರು ತೂಗಿದರು, ಮಾಗಿದ ಮೇಲೆ ಪಿಎಚ್ ಎಷ್ಟು ಅಂತ ಬರೆಯುತ್ತಾ ಹೋಗಿ. ತೂಗುವವರು ಒಬ್ಬರು, ನೋಡುವವರು ಇನ್ನೊಬ್ಬರು ಇರಲಿ. ಪ್ರತಿ ಸಲವೂ ಒಂದು ಸೋಪು ಎತ್ತಿಟ್ಟು ಅದರ ಮೇಲೆ ತಾರೀಖು ಬರೆಯಿರಿ. ಒಂದು ಮಳೆಗಾಲ ಅದು ನಿಮ್ಮ ಮನೆಯಲ್ಲೇ ಕಳೆಯಲಿ. ಕಮಟು ವಾಸನೆ ಬಂತಾ, ಕಂದು ಚುಕ್ಕೆ ಎದ್ದಿತಾ ನೋಡಿ. ಬಂದಿದ್ದರೆ ಎಣ್ಣೆ ಹಳೆಯದಿತ್ತು, ಇಲ್ಲವೇ ಇಟ್ಟ ಜಾಗದಲ್ಲಿ ತೇವ ಜಾಸ್ತಿ ಇತ್ತು. ಅದನ್ನು ಸರಿ ಮಾಡಿಕೊಂಡು, ಆ ನೋಟ್‌ಬುಕ್ ಹಿಡಿದೇ ಔಷಧ ನಿಯಂತ್ರಣ ಇಲಾಖೆಯ ಕಚೇರಿಗೆ ಹೋಗಿ ಕೇಳಿ.